ಸಣ್ಣ ಪಿಸ್ತೂಲುಗಳಲ್ಲಿ ಯಾವುದು ಕೈಕೊಡುವುದಿಲ್ಲ? ನೀವೇ ಹೋಲಿಸಿ ನೋಡುವ ಬಗೆ

ನಾನು ಟೆಕ್ಸಾಸ್‌ನಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಪಿಸ್ತೂಲು ತೆಗೆದುಕೊಳ್ಳಬೇಕು ಅಂತ ಹೊರಟ ನಮ್ಮವರು ಯಾರೇ ಸಿಕ್ಕಿದರೂ ಮೊದಲು ಕೇಳುವುದು ಒಂದೇ: ಗ್ಲಾಕ್ ತಗೊಳ್ಳಲಾ, ಸಿಗ್ ತಗೊಳ್ಳಲಾ, ಯಾವುದು ಜಾಮ್ ಆಗಲ್ಲ? ಒಂದು ಹೆಸರು ಹೇಳಿಬಿಡುವುದು ಸುಲಭ. ಆದರೆ ಬರೀ ಪಿಸ್ತೂಲಿನಿಂದ ಗುಂಡು ಹಾರುವುದಿಲ್ಲ. ಅದರ ಜೊತೆ ತೋಟಾ ತುಂಬಿಡುವ ಒಂದು ಮ್ಯಾಗಜೀನ್ ಇರುತ್ತದೆ, ಯಾವುದೋ ಕಂಪನಿಯ ತೋಟಾ ಇರುತ್ತದೆ, ಹಿಡಿದ ಕೈ ಇರುತ್ತದೆ. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಹೆಸರು ಕೆಡುವುದು ಪಿಸ್ತೂಲಿನದೇ. ಅದಕ್ಕೇ ಎರಡು ಪಿಸ್ತೂಲುಗಳನ್ನು ಹೋಲಿಸುವಾಗ ಉಳಿದವನ್ನೆಲ್ಲ ಒಂದೇ ಥರ ಇಟ್ಟುಕೊಂಡು, ಎಣಿಸಿ, ಬರೆದಿಟ್ಟು ನೋಡಬೇಕು. ಹೇಗೆ ಅಂತ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮುಖ್ಯವಾದ ಮಾತು. ಎಚ್-1ಬಿ, ಎಫ್-1 ಥರದ ವೀಸಾದಲ್ಲಿರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಲೆಕ್ಕಕ್ಕೇ ಬರಬಹುದು. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಗೆಳೆಯರು ಕರೆದರು ಅಂತ ಸುಮ್ನೆ ಒಂದು ಭಾನುವಾರ ಹೋಗಿ ಇಷ್ಟು ವರ್ಷದ ಬದುಕನ್ನು ಪಣಕ್ಕಿಡುವುದು ಬೇಡ.

ಈಗ ವಿಷಯಕ್ಕೆ ಬರೋಣ. ಇಲ್ಲಿ ಟೋಸ್ಟರ್ ಕೆಟ್ಟರೆ, ಮಗುವಿನ ತೊಟ್ಟಿಲು ಮುರಿದರೆ ಕೇಳುವುದಕ್ಕೆ ಒಂದು ಗ್ರಾಹಕ ಸುರಕ್ಷತಾ ಆಯೋಗ ಇದೆ. ಬಂದೂಕು ಮಾತ್ರ ಅದರ ಕೈಗೆ ಸಿಗುವುದಿಲ್ಲ. 1972ರಲ್ಲಿ ಆ ಆಯೋಗವನ್ನು ಕಟ್ಟಿದ ಕಾನೂನೇ ಬಂದೂಕನ್ನು ಹೊರಗಿಟ್ಟಿತು, 1976ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಹಾಗಾಗಿ ಕೆಟ್ಟ ಮಾಲನ್ನು ವಾಪಸ್ ಕರೆಸುವುದು ಹೆಚ್ಚುಕಮ್ಮಿ ಕಂಪನಿಗೇ ಬಿಟ್ಟ ವಿಷಯ. ಯಾವ ಮಾದರಿ ಎಷ್ಟು ಸಲ ಜಾಮ್ ಆಯಿತು ಅಂತ ಅಂಗಡಿಗೆ ಹೋಗುವ ಮೊದಲು ತೆಗೆದು ನೋಡುವಂಥ ಸರ್ಕಾರಿ ಪಟ್ಟಿ ನಿಮಗೆ ಸಿಗುವುದಿಲ್ಲ.

ಆದರೆ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಒಂದು ಪರೀಕ್ಷೆ ಇದೆ. ಒಂದು ಮಾದರಿಯ ಮೂರು ಪಿಸ್ತೂಲು ತಂದು ಒಂದೊಂದರಲ್ಲೂ 600 ಗುಂಡು ಹಾರಿಸುತ್ತಾರೆ. ಮೊದಲ 20ರಲ್ಲಿ ಒಂದೂ ತೊಂದರೆ ಬರಬಾರದು, ಒಟ್ಟು 600ರಲ್ಲಿ 6ಕ್ಕಿಂತ ಜಾಸ್ತಿ ಬರಬಾರದು, ಗಾಯದ ಅಪಾಯ ಹೆಚ್ಚುವ ಹಾಗೆ ಯಾವ ಭಾಗವೂ ಬಿರುಕು ಬಿಡಬಾರದು. ತೋಟಾದ ತಪ್ಪಿನಿಂದ ಆದದ್ದನ್ನು ಎಣಿಸುವುದಿಲ್ಲ. ಲೆಕ್ಕ ಹಾಕಿ ನೋಡಿ, ನೂರಕ್ಕೆ ಒಂದು ಸಲ ನಿಂತರೂ ಪಾಸ್. ರಾತ್ರಿ ಎರಡು ಗಂಟೆಗೆ ಬಾಗಿಲು ಮುರಿಯುವ ಸದ್ದು ಕೇಳಿ ಎದ್ದವರಿಗೆ ಅಷ್ಟು ಸಾಲದು ಅಂತ ನನಗನ್ನಿಸುತ್ತದೆ. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಎರಡು ಕಂಪನಿಗಳ ಪಿಸ್ತೂಲನ್ನು ಪೈಪೋಟಿಗಿಟ್ಟು ಒಂದೊಂದರಲ್ಲೂ 6,000 ಗುಂಡು ಹಾರಿಸಿತ್ತು. ಕೋಲ್ಟ್ ಒಂದು ಸಲವೂ ನಿಲ್ಲಲಿಲ್ಲ, ಸ್ಯಾವೇಜ್ 37 ಸಲ ನಿಂತಿತು. ಹೋಲಿಕೆ ಅಂದರೆ ಅದು. ಅಷ್ಟು ಗುಂಡು ನಮ್ಮ ಜೇಬಿಗೆ ಆಗುವುದಿಲ್ಲ, ಆದರೆ ಕ್ರಮವನ್ನು ಅಲ್ಲಿಂದ ಕಲಿಯಬಹುದು.

ಪಿಸ್ತೂಲು ಸಣ್ಣದಾದಷ್ಟೂ ಯಾಕೆ ತಕರಾರು ಜಾಸ್ತಿ? ಗುಂಡು ಹಾರಿದಾಗ ಮೇಲಿನ ಸ್ಲೈಡ್ ಹಿಂದಕ್ಕೆ ಹೋಗಿ ಖಾಲಿ ಚಿಪ್ಪನ್ನು ಎಳೆದು ಹೊರಗೆ ಎಸೆಯುತ್ತದೆ. ವಾಪಸ್ ಬರುವಾಗ ಮ್ಯಾಗಜೀನ್‌ನಿಂದ ಮುಂದಿನ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ಸಣ್ಣ ಪಿಸ್ತೂಲಿನಲ್ಲಿ ಸ್ಲೈಡ್ ಹಗುರ, ಅದು ಓಡಾಡುವ ದಾರಿ ಗಿಡ್ಡ, ಸ್ಪ್ರಿಂಗ್ ಬಿಗಿ. ಕೆಲಸ ಅದೇ, ಸಮಯ ಕಮ್ಮಿ. ಅಷ್ಟರೊಳಗೆ ಮ್ಯಾಗಜೀನ್‌ನ ಸ್ಪ್ರಿಂಗ್ ತೋಟಾವನ್ನು ಮೇಲೆತ್ತಿ ಕೊಡಬೇಕು. ಹಿಡಿದವರ ಮಣಿಕಟ್ಟು ಸಡಿಲವಾಗಿದ್ದರೆ ಪಿಸ್ತೂಲು ಪೂರ್ತಿಯಾಗಿ ಹಿಂದಕ್ಕೆ ಸರಿದು ಸ್ಲೈಡ್‌ಗೆ ಬೇಕಾದ ಬಲ ಸಿಗುವುದಿಲ್ಲ. ನನ್ನ ಗೆಳೆಯರೊಬ್ಬರು ತಮ್ಮ ಪಿಸ್ತೂಲು ಪ್ರತಿ ಮ್ಯಾಗಜೀನ್‌ಗೂ ಒಂದು ಸಲ ಸಿಕ್ಕಿಕೊಳ್ಳುತ್ತದೆ ಅಂತ ಮಾರುವುದಕ್ಕೇ ಹೊರಟಿದ್ದರು. ಅದೇ ಪಿಸ್ತೂಲು, ಅದೇ ಪೆಟ್ಟಿಗೆಯ ತೋಟಾ, ನನ್ನ ಕೈಯಲ್ಲಿ 100 ಗುಂಡು ಸರಾಗವಾಗಿ ಹೋಯಿತು. ಅವರು ಹಿಡಿತ ತಿದ್ದಿಕೊಂಡ ಮೇಲೆ ಅವರ ಕೈಯಲ್ಲೂ ಸರಿಹೋಯಿತು.

ಅಂಗಡಿಗೆ ಹೋಗುವ ಮೊದಲು ಮಾದರಿಯ ಚರಿತ್ರೆ ಓದಿ. ಗ್ಲಾಕ್ 19 ಬಂದದ್ದು 1988ರಲ್ಲಿ. ಅಷ್ಟು ವರ್ಷ ಪೊಲೀಸರೂ ಜನರೂ ಬಳಸಿರುವುದರಿಂದ ಅದರ ಗುಣದೋಷ ಎಲ್ಲರಿಗೂ ಗೊತ್ತು. ಸಿಗ್ ಸಾವರ್ ಪಿ365 ಬಂದದ್ದು 2018ರಲ್ಲಿ. ಅಷ್ಟು ಸಣ್ಣ ಮೈಯಲ್ಲಿ 10 ತೋಟಾದ ಮ್ಯಾಗಜೀನ್ ಕೂರಿಸಿದ್ದು ಆಗ ದೊಡ್ಡ ಸುದ್ದಿ. ಆದರೆ ಮೊದಲ ತಿಂಗಳುಗಳಲ್ಲಿ ಅದರ ಸ್ಟ್ರೈಕರ್ (ತೋಟಾದ ಹಿಂಭಾಗಕ್ಕೆ ಬಡಿಯುವ ಪಿನ್) ಮುರಿದ ದೂರುಗಳು ಬಂದವು, ಆಮೇಲೆ ಕಂಪನಿ ಸುಧಾರಿಸಿತು. ಈಗ ಅದು ತುಂಬಾ ಜನ ನಂಬುವ ಪಿಸ್ತೂಲು. 2020ರಲ್ಲಿ ಸ್ಮಿತ್ ಅಂಡ್ ವೆಸನ್ ತನ್ನ ಶೀಲ್ಡ್ ಈಜ಼ೀ 9 ಎಂಎಂ ಪಿಸ್ತೂಲುಗಳಲ್ಲಿ ಆ ವರ್ಷ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಯಾರಾದವನ್ನು ವಾಪಸ್ ಕರೆಸಿತು, ಪಿನ್‌ಗೆ ಬಡಿಯುವ ಹ್ಯಾಮರ್ ಬಿರುಕು ಬಿಡಬಹುದು ಅಂತ. ಇದರಿಂದ ನಾನು ಪಾಲಿಸುವ ಎರಡು ನಿಯಮ ಇವು. ಹೊಸ ಮಾದರಿ ಬಂದ ಮೊದಲ ವರ್ಷ ಕೊಳ್ಳುವುದಿಲ್ಲ. ಕೊಂಡ ದಿನವೇ, ಸೆಕೆಂಡ್ ಹ್ಯಾಂಡ್ ಆದರಂತೂ ದುಡ್ಡು ಕೊಡುವ ಮೊದಲೇ, ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತೇನೆ.

ಇನ್ನು ರೇಂಜ್‌ನ ಕೆಲಸ. ಸಾಧ್ಯವಾದರೆ ಎರಡು ಪಿಸ್ತೂಲುಗಳನ್ನೂ ಬಾಡಿಗೆಗೆ ತೆಗೆದುಕೊಂಡು ಒಂದೇ ದಿನ ನೋಡಿ. ಬಾಡಿಗೆಯವು ಸಾವಿರಾರು ಗುಂಡು ಕಂಡಿರುತ್ತವೆ, ಸರಿಯಾಗಿ ತೊಳೆದಿರುವುದಿಲ್ಲ, ಅದರಿಂದ ನಿಮ್ಮ ಕೈಗೆ ಯಾವುದು ಕೂರುತ್ತದೆ ಅನ್ನುವುದು ಗೊತ್ತಾಗುತ್ತದೆಯೇ ಹೊರತು ಮಾದರಿಯ ಮೇಲೆ ತೀರ್ಪು ಕೊಡಬೇಡಿ. ನಿಜವಾದ ಪರೀಕ್ಷೆ ನೀವು ಕೊಂಡದ್ದರ ಮೇಲೆ. ಮೊದಲು ಬಿಚ್ಚಿ, ಕಾರ್ಖಾನೆಯ ಗ್ರೀಸ್ ಒರೆಸಿ, ಕೈಪಿಡಿಯಲ್ಲಿ ಹೇಳಿದ ಜಾಗಗಳಿಗೆ ಎಣ್ಣೆ ಹಾಕಿ. ಮ್ಯಾಗಜೀನ್‌ಗಳ ತಳದಲ್ಲಿ ಮಾರ್ಕರ್‌ನಿಂದ 1, 2, 3 ಅಂತ ಬರೆಯಿರಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಮ್ಯಾಗಜೀನ್, ಯಾವ ತೋಟಾ, ಎಷ್ಟನೇ ಗುಂಡು, ಯಾರ ಕೈ, ಏನಾಯಿತು. ಇಷ್ಟು ಬರೆದರೆ ಸಾಕು.

ಈ ಮಾರ್ಕರ್‌ನ ಮಾತು ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ಪಿಸ್ತೂಲು ಸೆಕೆಂಡ್ ಹ್ಯಾಂಡ್, ಮೂರು ಮ್ಯಾಗಜೀನ್ ಜೊತೆ ಬಂದಿತ್ತು. ಎರಡು ವಾರ ಅದನ್ನು ಬೈದುಕೊಂಡೆ, ಎರಡು ಸಲ ರಿಪೇರಿಯವರ ಹತ್ತಿರ ಒಯ್ದೆ. ಕೊನೆಗೆ ನಂಬರ್ ಹಾಕಿ ನೋಡಿದರೆ ಎಲ್ಲ ಜಾಮ್‌ಗಳೂ ಒಂದೇ ಮ್ಯಾಗಜೀನ್‌ನವು. ಅದರ ಬಾಯಿಯ ಅಂಚು ಸ್ವಲ್ಪ ಬಗ್ಗಿತ್ತು. ಅದನ್ನು ಬಿಸಾಡಿದ ಮೇಲೆ ಆ ಪಿಸ್ತೂಲು ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಎಷ್ಟು ಗುಂಡು ಹಾರಿಸಬೇಕು? ಇಲ್ಲಿ ಬಹಳ ಜನ ಎಡವುತ್ತಾರೆ. 50ರ ಒಂದು ಪೆಟ್ಟಿಗೆ ಮುಗಿಸಿ, ಒಂದೂ ಜಾಮ್ ಇಲ್ಲ, ಸೂಪರ್ ಅಂತಾರೆ. ಒಂದು ಸುಲಭವಾದ ಲೆಕ್ಕ ಇದೆ. ತೊಂದರೆ ಒಂದೂ ಬಾರದಿದ್ದಾಗ 3ನ್ನು ಹಾರಿಸಿದ ಗುಂಡುಗಳ ಸಂಖ್ಯೆಯಿಂದ ಭಾಗಿಸಿ. ಶೇಕಡಾ 95 ನಂಬಿಕೆಯಿಂದ ಹೇಳಬಹುದಾದ ಮೇಲಿನ ಮಿತಿ ಅದು. 50 ಗುಂಡಿಗೆ ಸೊನ್ನೆ ತೊಂದರೆ ಅಂದರೆ ನಿಜವಾದ ದರ ನೂರಕ್ಕೆ 6ರವರೆಗೂ ಇರಬಹುದು. 300ಕ್ಕೆ ಸೊನ್ನೆ ಆದರೆ ನೂರಕ್ಕೆ 1. 500ಕ್ಕೆ ಸೊನ್ನೆ ಆದರೆ ಸಾವಿರಕ್ಕೆ 6. ಹಾಗೆಯೇ ಒಂದು ಪಿಸ್ತೂಲು 300ಕ್ಕೆ 1 ಸಲ, ಇನ್ನೊಂದು 300ಕ್ಕೆ 3 ಸಲ ನಿಂತರೆ ಮೊದಲನೆಯದು ಮೇಲು ಅಂತ ಹೇಳಲು ಬರುವುದಿಲ್ಲ. ಅದು ಆ ದಿನದ ಅದೃಷ್ಟವೂ ಇರಬಹುದು. ಒಂದು ಸೊನ್ನೆ, ಇನ್ನೊಂದು 5 ಆದಾಗ ನಾನು ಅನುಮಾನ ಪಡುತ್ತೇನೆ, 8 ಆದರೆ ಖಚಿತವಾಗಿ ಬಿಟ್ಟುಬಿಡುತ್ತೇನೆ.

ನನ್ನ ಪದ್ಧತಿ ಹೀಗೆ: ಗುಂಡಿನ ತೂಕ 115 ಗ್ರೇನ್ ಇರುವ ಅಗ್ಗದ ತೋಟಾದಲ್ಲಿ 300, ಆಮೇಲೆ ಮನೆಯಲ್ಲಿ ನಿಜವಾಗಿ ತುಂಬಿಡುವ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ) ತೋಟಾದಲ್ಲಿ ಕಮ್ಮಿ ಅಂದರೂ 100. ಎರಡನೆಯದು ದುಬಾರಿ, ಗೊತ್ತು. ಆದರೆ ಹಾಲೋ ಪಾಯಿಂಟ್‌ನ ಮೂತಿ ಅಗಲ, ತೋಟಾ ಬ್ಯಾರಲ್‌ಗೆ ಏರಿ ಹೋಗುವ ಇಳಿಜಾರಿನಲ್ಲಿ, ಸಣ್ಣ ಪಿಸ್ತೂಲಿನಲ್ಲಂತೂ, ಅದು ತಗಲಿಕೊಳ್ಳುವ ಸಂಭವ ಜಾಸ್ತಿ. ನೀವು ನೆಚ್ಚಿಕೊಳ್ಳುವುದು ಅದನ್ನೇ ಆದ ಮೇಲೆ ಪರೀಕ್ಷೆಯೂ ಅದರ ಮೇಲೇ ಆಗಬೇಕು. ನಡುವೆ ತೊಳೆಯಬೇಡಿ. ಮನೆಯಲ್ಲಿ ಇನ್ನೊಬ್ಬರೂ ಬಳಸುವವರಿದ್ದರೆ ಅವರ ಕೈಯಲ್ಲೂ ಕಮ್ಮಿ ಅಂದರೆ ನಾಲ್ಕು ಮ್ಯಾಗಜೀನ್ ಹಾರಿಸಲಿ, ಒಂಟಿ ಕೈಯಲ್ಲಿ ಒಂದೊಂದು ಸಲ ನೋಡಲಿ.

ಜಾಮ್ ಆದಾಗ ಸರಕ್ಕನೆ ಎಳೆದು ಬಿಡಿಸಬೇಡಿ. ಮೂತಿಯನ್ನು ಗುರಿಯ ಕಡೆಗೇ ಇಟ್ಟು, ಬೆರಳನ್ನು ಟ್ರಿಗರ್‌ನಿಂದ ಹೊರಗಿಟ್ಟು, ಒಂದು ಕ್ಷಣ ನೋಡಿ. ಖಾಲಿ ಚಿಪ್ಪು ಒಲೆಯ ಚಿಮಣಿ ಥರ ನೆಟ್ಟಗೆ ನಿಂತು ಸಿಕ್ಕಿದ್ದರೆ ಹಿಡಿತ, ಇಲ್ಲವೇ ಬಲ ಸಾಲದ ತೋಟಾ. ಚಿಪ್ಪು ಒಳಗೇ ಉಳಿದರೆ ಅದನ್ನು ಎಳೆಯುವ ಕೊಕ್ಕೆಯನ್ನು ಅನುಮಾನಿಸಿ. ಹೊಸ ತೋಟಾ ಮೂತಿ ಕೆಳಗೆ ಮಾಡಿ ನಿಂತರೆ ಸಾಮಾನ್ಯವಾಗಿ ಮ್ಯಾಗಜೀನ್. ಟಿಕ್ ಅಂದು ಗುಂಡು ಹಾರದಿದ್ದರೆ ಹಾಗೇ ಹಿಡಿದು 30 ಸೆಕೆಂಡ್ ಕಾಯಿರಿ, ಕೆಲವು ತಡವಾಗಿ ಹೊತ್ತಿಕೊಳ್ಳುತ್ತವೆ. ಆಮೇಲೆ ತೆಗೆದು ಅದರ ಹಿಂಭಾಗ ನೋಡಿ. ಪಿನ್ ಗುರುತು ಆಳವಾಗಿದ್ದರೆ ತಪ್ಪು ತೋಟಾದ್ದು, ತೆಳ್ಳಗಿದ್ದರೆ ಪಿಸ್ತೂಲಿನದು. ಇನ್ನೊಂದು, ಸದ್ದು ಎಂದಿನ ಹಾಗೆ ಬಾರದೆ ಬರೀ ಪುಸ್ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರಲ್‌ನೊಳಗೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ಪಿಸ್ತೂಲು ಸಿಡಿದು ಕೈ ಹೋಗಬಹುದು.

ಪುಟ್ಟ ರಿವಾಲ್ವರ್ ತೆಗೆದುಕೊಂಡರೆ ಈ ತಲೆನೋವೇ ಇಲ್ಲವಲ್ಲ ಅಂತ ಕೇಳುವವರಿದ್ದಾರೆ. ಮ್ಯಾಗಜೀನ್ ಇಲ್ಲ, ಮಣಿಕಟ್ಟು ಸಡಿಲವಾದರೂ ಪರವಾಗಿಲ್ಲ, ಅದು ನಿಜ. ಆದರೆ ಕೆಟ್ಟಾಗ ಪೂರ್ತಿ ಕೆಡುತ್ತದೆ. ತುಂಬಾ ಹಗುರದ ರಿವಾಲ್ವರ್‌ಗಳಲ್ಲಿ ಹಿಂದೊದೆತಕ್ಕೆ ಉಳಿದ ತೋಟಾಗಳ ಗುಂಡು ಮುಂದಕ್ಕೆ ಜಾರಿ ಚಕ್ರವೇ ತಿರುಗದ ಹಾಗೆ ಆಗುವುದುಂಟು. ಐದು ತೋಟಾದ ರಿವಾಲ್ವರ್ ಆದರೆ ನಾಲ್ಕು ಹಾರಿಸಿ, ಐದನೆಯದನ್ನು ಹಾರಿಸದೆ ತೆಗೆದು ಅದರ ಉದ್ದವನ್ನು ತುಂಬುವ ಮೊದಲಿನ ಅಳತೆಗೆ ಹೋಲಿಸಿದರೆ ಗೊತ್ತಾಗುತ್ತದೆ.

ಕೊಡಗಿನಿಂದ ಓದುತ್ತಿರುವವರಿಗೆ ಎರಡು ಮಾತು. ಕೊಡವರಿಗೂ, ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಬಂದೂಕಿನ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿದೆ. ಆದರೆ ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯರಿಗೆ ಸಿಗುವುದು .32ರಂಥವು. ತೋಟಾ ಕೊಳ್ಳುವುದಕ್ಕೂ ಮಿತಿ ಇರುವುದರಿಂದ 400 ಹಾರಿಸಿ ನೋಡಿ ಅಂತ ನಾನು ಹೇಳುವುದು ಅಲ್ಲಿ ನಡೆಯುವ ಮಾತಲ್ಲ. ಮದ್ದಿಲ್ಲದ ಡಮ್ಮಿ ತೋಟಾಗಳನ್ನು ಮ್ಯಾಗಜೀನ್‌ಗೆ ತುಂಬಿ ಕೈಯಿಂದಲೇ ಸ್ಲೈಡ್ ಎಳೆದು ನೂರು ಸಲ ಆಡಿಸಿ ನೋಡಿ. ಮ್ಯಾಗಜೀನ್‌ನ ತಪ್ಪು, ಕೊಕ್ಕೆಯ ತಪ್ಪು ಬಹಳಷ್ಟು ಅಲ್ಲೇ ಸಿಗುತ್ತದೆ. ಮಳೆಗಾಲ ದಾಟಿದ ತೋಟಾಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಹಿತ್ತಾಳೆ ಕಿಲುಬು ಹಿಡಿದಿದ್ದರೆ ಅದನ್ನು ಬಳಸಲೇಬೇಡಿ. ಉಳಿದ ಒಳ್ಳೆಯವುಗಳಲ್ಲಿ ಹೊಸದನ್ನು ಮನೆಗೆ ಇಟ್ಟುಕೊಂಡು ಹಳೆಯದನ್ನು ಮೊದಲು ಅಭ್ಯಾಸಕ್ಕೆ ಖರ್ಚು ಮಾಡಿ.

ಪರೀಕ್ಷೆ ಪಾಸಾದ ಮೇಲೂ ನೋಟ್‌ಬುಕ್ ಮುಚ್ಚಬೇಡಿ. ಸಣ್ಣ ಪಿಸ್ತೂಲಿನ ಸ್ಪ್ರಿಂಗ್ ದೊಡ್ಡದಕ್ಕಿಂತ ಬೇಗ ಸೋಲುತ್ತದೆ. ಎಷ್ಟು ಗುಂಡಿಗೆ ಬದಲಿಸಬೇಕು ಅಂತ ಕೈಪಿಡಿಯಲ್ಲೋ ಕಂಪನಿಯ ಸಹಾಯವಾಣಿಯಲ್ಲೋ ಕೇಳಿ ತಿಳಿದುಕೊಂಡು ಮೊದಲ ಪುಟದಲ್ಲೇ ಬರೆದಿಡಿ. ಮಕ್ಕಳಿರುವ ಮನೆಯಾದರೆ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ಸ್ಪ್ರಿಂಗ್ ಬದಲಿಸಿದ ದಿನ, ಮ್ಯಾಗಜೀನ್ ಹೊಸದು ತಂದ ದಿನ, ಅಥವಾ ಬೇರೆ ಕಂಪನಿಯ ಹಾಲೋ ಪಾಯಿಂಟ್‌ಗೆ ಹೋದ ದಿನ ಹೊಸ ಪುಟ ತೆಗೆದು ಮತ್ತೆ ಒಂದರಿಂದ ಎಣಿಸಿ, 100ರವರೆಗೆ.