ಎಡಿಎಚ್‌ಡಿ ಇದೆಯಾ, ಆಗಾಗ ಆಯ ತಪ್ಪುತ್ತದಾ? ಹೀಗೆ ಅಭ್ಯಾಸ ಮಾಡಿ

ಬಾಗಿಲ ಚೌಕಟ್ಟಿಗೆ ಭುಜ ತಗುಲುತ್ತದೆ. ಮೇಜಿನ ಮೂಲೆಗೆ ತೊಡೆ ಬಡಿಯುತ್ತದೆ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಕಾಡುವ ಸ್ಥಿತಿ) ಇರುವ ಎಷ್ಟೋ ಮಂದಿ ದೊಡ್ಡವರಾದ ಮೇಲೂ "ನೋಡಿಕೊಂಡು ನಡೆಯೋಕಾಗಲ್ವಾ?" ಎಂದು ಬೈಸಿಕೊಳ್ಳುತ್ತಾರೆ. ಆ ಬೈಗುಳ ನ್ಯಾಯವಲ್ಲ. ಸುಮ್ನೆ ನಿಂತಾಗಲೂ ಇವರಲ್ಲಿ ಹಲವರ ದೇಹ ಉಳಿದವರಿಗಿಂತ ಜಾಸ್ತಿ ತೂಗಾಡುವುದು ಅಧ್ಯಯನಗಳಲ್ಲಿ ಕಂಡಿದೆ.

ಕಣ್ಣು, ಒಳಕಿವಿ, ಕಾಲಿನ ಸ್ನಾಯು ಮತ್ತು ಕೀಲುಗಳು ಕಳಿಸುವ ಸುದ್ದಿಯನ್ನು ಮೆದುಳು ಕೂಡಿಸಿ ನೋಡುವುದರಿಂದಲೇ ನಾವು ನೆಟ್ಟಗೆ ನಿಲ್ಲುತ್ತೇವೆ. ಈ ಕೆಲಸದಲ್ಲಿ ಕಿರುಮೆದುಳಿನ ಪಾಲು ದೊಡ್ಡದು. ಎಡಿಎಚ್‌ಡಿಯಲ್ಲಿ ವ್ಯತ್ಯಾಸ ಕಂಡುಬಂದಿರುವ ಭಾಗಗಳಲ್ಲಿ ಅದೂ ಒಂದು.

ಮೊದಲು ಗೋಡೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಅಲುಗಾಡದ ಕುರ್ಚಿ ಇಟ್ಟುಕೊಳ್ಳಿ. ಬರಿಗಾಲಲ್ಲಿ ಪಾದ ಜೋಡಿಸಿ 30 ಸೆಕೆಂಡು ನಿಲ್ಲಿ. ಆಮೇಲೆ ಕಣ್ಣು ಮುಚ್ಚಿ ಅಷ್ಟೇ ಹೊತ್ತು. ಕಣ್ಣಿನ ಆಸರೆ ತಪ್ಪಿದ ಕೂಡಲೇ ಅಂಗಾಲು ಎಷ್ಟು ದುಡಿಯುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ಇದು ಸಲೀಸಾದರೆ ಕಣ್ಣು ತೆರೆದು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ನಿಲ್ಲಿ. ಅದೂ ಬಂದರೆ ಒಂಟಿಕಾಲು. 10 ಸೆಕೆಂಡಿನಿಂದ ಶುರು ಮಾಡಿ, ಕಾಲು ಬದಲಿಸಿ.

ಕೊನೆಗೆ ನಿಂತಲ್ಲೇ 100ರಿಂದ ಏಳೇಳು ಕಳೆಯುತ್ತಾ ಹೋಗಿ: 93, 86, 79... ನಾವು ಮುಗ್ಗರಿಸುವುದು ಮನಸ್ಸು ಬೇರೆಲ್ಲೋ ಇದ್ದಾಗ, ಅಲ್ವಾ? ಅದಕ್ಕೇ ಈ ಹಂತವನ್ನು ಬಿಡಬೇಡಿ.

ನಿಜವಾದ ಕಷ್ಟ ವ್ಯಾಯಾಮದ್ದಲ್ಲ, ನೆನಪಿನದು. ನಾಲ್ಕನೇ ದಿನಕ್ಕೆ ಬೇಜಾರು ಬಂದು ಮರೆತೇಹೋಗುತ್ತದೆ. ಹಾಗಾಗಿ ಅರ್ಧ ಗಂಟೆಯ ಯೋಜನೆ ಹಾಕಲೇಬೇಡಿ. ಎರಡು ನಿಮಿಷ ಸಾಕು, ಅದೂ ದಿನಾ ಹೇಗೂ ಕಾಯುವ ಹೊತ್ತಿನಲ್ಲಿ: ಕಂಪ್ಯೂಟರ್ ಶುರುವಾಗುವಾಗ, ಫೋನ್ ಕರೆ ಹಿಡಿದು ಕಾಯುವಾಗ. ಹಲ್ಲುಜ್ಜುತ್ತಾ ಒಂಟಿಕಾಲಲ್ಲಿ ನಿಲ್ಲಿ ಎನ್ನುವವರಿದ್ದಾರೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಿದ್ದರೆ ಗಂಟಲಿಗೆ ಪೆಟ್ಟಾಗಬಹುದು, ಅದು ಬೇಡ.

ಕೂರುವಾಗ ಎದೆ ಸೆಟೆಸಿಕೊಂಡೇ ಇರಬೇಕೆಂಬ ಹಠವೂ ಬೇಡ. ಆಗಾಗ ಭಂಗಿ ಬದಲಿಸಿ, ಎದ್ದು ಓಡಾಡಿ.

ತಲೆ ಸುತ್ತು, ಕಿವಿ ಮಂದವಾಗುವುದು, ಪದೇಪದೇ ಬೀಳುವುದು ಇದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ದಿಢೀರನೆ ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಡಿಎಚ್‌ಡಿಗೆ ಕೊಡುವ ಕ್ಲೋನಿಡಿನ್, ಗ್ವಾನ್‌ಫಸಿನ್ ಮಾತ್ರೆಗಳು ರಕ್ತದೊತ್ತಡ ಇಳಿಸುತ್ತವೆ. ಎದ್ದಾಗ ಕಣ್ಣು ಕತ್ತಲೆ ಬಂದರೆ ವೈದ್ಯರಿಗೆ ಹೇಳಿ, ನೀವಾಗಿಯೇ ಮಾತ್ರೆ ಬಿಡಬೇಡಿ.