ಹಿತ್ತಲಿಗೆ ಬಂದ ಬಣ್ಣದ ಹಕ್ಕಿ ಯಾವುದು? ಗುರುತಿಸುವುದು ಹೀಗೆ

ಜಯನಗರದ ಮಹಡಿ ತೋಟವಿರಲಿ, ಯಲಹಂಕದ ಹಿತ್ತಲಿರಲಿ, ದಾಸವಾಳದ ಗಿಡಕ್ಕೆ ಮಿರಿಮಿರಿ ಮಿಂಚುವ ಪುಟ್ಟ ಹಕ್ಕಿ ಬಂದರೆ ಸಾಕು, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಓಡುತ್ತದೆ: ‘ನಮ್ಮನೆಗೆ ಹಮ್ಮಿಂಗ್‌ಬರ್ಡ್ ಬಂದಿದೆ!’ ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಿಮ್ಮ ಗಿಡಕ್ಕೆ ಬಂದಿದ್ದು ಸೂರಕ್ಕಿ, ಅಂದರೆ ಸನ್‌ಬರ್ಡ್. ಬಣ್ಣವೊಂದನ್ನೇ ಹಿಡಿದು ಹೆಸರು ಹುಡುಕುವವರು ಹೀಗೆ ದಾರಿ ತಪ್ಪುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಣ್ಣವನ್ನು ಕೊನೆಗೆ ನೋಡಿ.

ಮೊದಲು ಗಾತ್ರ. ಗುಬ್ಬಚ್ಚಿ ಸುಮಾರು 15 ಸೆಂ.ಮೀ., ಪಿಕಳಾರ ಸುಮಾರು 20. ಈ ಎರಡು ಅಳತೆ ಮನಸ್ಸಿನಲ್ಲಿದ್ದರೆ ಸಾಕು. ಸೂರಕ್ಕಿ 10 ಸೆಂ.ಮೀ. ಆಸುಪಾಸು. ಬದನಿಕೆ ಹಕ್ಕಿ (ಫ್ಲವರ್‌ಪೆಕರ್) ಇನ್ನೂ ಚಿಕ್ಕದು.

ಆಮೇಲೆ ಕೊಕ್ಕು. ಉದ್ದವಾಗಿ ಕೆಳಕ್ಕೆ ಬಾಗಿದ್ದರೆ ಸೂರಕ್ಕಿ. ಗಿಡ್ಡವಾಗಿ ದಪ್ಪಗಿದ್ದರೆ ಕಾಳು ತಿನ್ನುವ ಗುಬ್ಬಚ್ಚಿ ಅಥವಾ ರಾಟವಾಳ (ಮುನಿಯಾ). ತೆಳ್ಳಗೆ ಚೂಪಾಗಿದ್ದರೆ ಹುಳ ಹಿಡಿಯುವ ಟುವ್ವಿಯಂಥ ಹಕ್ಕಿ.

ಮೂರನೆಯದು, ಅದು ಏನು ಮಾಡುತ್ತಿದೆ? ಗಸಗಸೆ ಹಣ್ಣಿನ ಮರದಲ್ಲಿ ಚಿಟ್ ಚಿಟ್ ಎನ್ನುತ್ತಾ ಓಡಾಡುವ ಮಾಸಲು ಹಕ್ಕಿ ಬದನಿಕೆ ಇರಬಹುದು.

ಈಗ ಬಣ್ಣ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಕಂಡ ಬಣ್ಣ ನಿಜವಾಗಿಯೂ ಆ ಹಕ್ಕಿಯದೇ ಎಂದು ಮೊದಲು ಕೇಳಿಕೊಳ್ಳಿ. ಸೂರಕ್ಕಿಯ ಹೊಳಪು ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವುದು. ಅದೇ ಹಕ್ಕಿ ನೆರಳಲ್ಲಿ ಪೂರ್ತಿ ಕಪ್ಪು, ಬಿಸಿಲಿಗೆ ತಿರುಗಿದರೆ ನೀಲಿ, ನೇರಳೆ. ಹಾಗಾಗಿ ಅದು ನಾಲ್ಕೈದು ಸಲ ಮೈ ತಿರುಗಿಸುವವರೆಗೆ ಕಾಯಿರಿ.

ಗರಿ ಉದುರುವ ಕಾಲದಲ್ಲಿ ಗೊಂದಲ ಇನ್ನೂ ಜಾಸ್ತಿ. ನೇರಳೆ ಸೂರಕ್ಕಿಯ ಗಂಡು, ಮರಿ ಮಾಡುವ ಕಾಲ ಮುಗಿದ ಮೇಲೆ ಹೊಳಪು ಕಳೆದುಕೊಂಡು ಹೆಣ್ಣಿನ ಹಾಗೆ ಮಾಸಲು ಹಳದಿಯಾಗುತ್ತದೆ. ಗಂಟಲಿನಿಂದ ಎದೆಯವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಬಣ್ಣ ಬದಲಾಗುವ ನಡುಹಂತದಲ್ಲಿ ಮೈಯೆಲ್ಲ ಹಳದಿ-ನೀಲಿ ತೇಪೆ. ‘ಯಾವುದೋ ಹೊಸ ಹಕ್ಕಿ’ ಎಂದು ಜನ ಚಿತ್ರ ಕಳಿಸುವುದು ಇದನ್ನೇ.

ಹಣೆ ಮತ್ತು ಕೊಕ್ಕಿನ ಸುತ್ತ ಮಾತ್ರ ಹಳದಿ ಅಥವಾ ಕೇಸರಿ ಮೆತ್ತಿದ್ದರೆ ಅದು ಹೂವಿನ ಪರಾಗ. ಬೆಳ್ಗಣ್ಣ (ವೈಟ್-ಐ), ಸೂರಕ್ಕಿಗಳಲ್ಲಿ ಇದು ಮಾಮೂಲು. ಗುಬ್ಬಚ್ಚಿಗೋ ಮೈನಾಗೋ ಬಿಳಿ ತೇಪೆಗಳಿದ್ದರೆ ಕಣ್ಣು ನೋಡಿ. ಕಣ್ಣು ಕಪ್ಪಗಿದ್ದರೆ ಕೆಲವು ಗರಿಗಳಿಗಷ್ಟೇ ಬಣ್ಣ ಬಂದಿಲ್ಲ, ಇದನ್ನು ಲ್ಯೂಸಿಸಂ ಎನ್ನುತ್ತಾರೆ. ಮೈ ಪೂರ್ತಿ ಬಿಳಿ, ಕಣ್ಣು ಗುಲಾಬಿಯಾಗಿದ್ದರೆ ಮಾತ್ರ ಆಲ್ಬಿನೊ.

ಇನ್ನೊಂದು ಮೋಸವಿದೆ, ಅದು ಮನುಷ್ಯರದ್ದು. ಹಕ್ಕಿ ಮಾರುವವರು ರಾಟವಾಳಗಳಿಗೆ ಹಸಿರು, ಗುಲಾಬಿ ಬಣ್ಣ ಬಳಿದು ವಿದೇಶಿ ಹಕ್ಕಿಯೆಂದು ಮಾರುವುದುಂಟು. ತಪ್ಪಿಸಿಕೊಂಡದ್ದು ನಿಮ್ಮ ತೋಟಕ್ಕೂ ಬರಬಹುದು. ಬಣ್ಣ ಗರಿಗರಿಗೂ ಹೆಚ್ಚುಕಡಿಮೆ, ಕೊಕ್ಕು ಮಾತ್ರ ಗಿಡ್ಡ ಮತ್ತು ದಪ್ಪ: ಇದೇ ಗುರುತು. ಕೆಂಪು ರಾಟವಾಳದ ಗಂಡಿಗೆ ಕೆಂಪು ಸಹಜವಾಗಿಯೇ ಬರುತ್ತದೆ, ಅದರ ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ. ರಾಟವಾಳ ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪಾಪ ಅಂತ ದುಡ್ಡು ಕೊಟ್ಟು ಬಿಡಿಸಲೂ ಹೋಗಬೇಡಿ, ಮಾರುವವನು ಮತ್ತಷ್ಟು ಹಿಡಿದು ತರುತ್ತಾನೆ.

ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಅಳತೆಯದ್ದು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಇರುವಂಥದ್ದು) ಕೊಳ್ಳಿ. ಕೆಂಪಗೆ ಹೊಳೆಯುವ ಗಾಜಿನ ಅಗ್ಗದವು ಬೇಡವೇ ಬೇಡ. ಅವು ಕೆಂಪು ಬೆಳಕನ್ನು ತಡೆದು, ಇಡೀ ನೋಟವನ್ನು ಹಸಿರು ಮಾಡುತ್ತವೆ. ಬಣ್ಣ ನೋಡಬೇಕಾದ ಕೆಲಸಕ್ಕೆ ಅಂಥದ್ದು ಯಾಕೆ, ಅಲ್ವಾ? ಫೋನಿನಲ್ಲಾದರೆ ಫೋಟೋಗಿಂತ ವಿಡಿಯೊ ವಾಸಿ. ಹಕ್ಕಿಯ ನಡೆ, ಕೂಗು, ತಿರುಗಿದಾಗಿನ ಬಣ್ಣ ಮೂರೂ ಸಿಗುತ್ತವೆ. ಫಿಲ್ಟರ್ ಮಾತ್ರ ಹಾಕಬೇಡಿ.

ಕೊನೆಗೆ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ತೆರೆಯಿರಿ. ಊರು, ದಿನಾಂಕ ಸರಿಯಾಗಿ ಕೊಡಿ. ಅದು ಹೇಳಿದ ಹೆಸರನ್ನು ಸುಮ್ನೆ ಒಪ್ಪಬೇಡಿ. ಗಂಡು, ಹೆಣ್ಣು, ಮರಿ ಮೂರರ ಚಿತ್ರಕ್ಕೂ ನೀವು ನೋಡಿದ ಗಾತ್ರ, ಕೊಕ್ಕನ್ನು ಹೋಲಿಸಿ. ಹಕ್ಕಿಯನ್ನು ಹತ್ತಿರ ಕರೆಯಲು ಅದರ ಕೂಗನ್ನು ಫೋನಿನಲ್ಲಿ ಹಾಕಬೇಡಿ, ಇನ್ನೊಂದು ಹಕ್ಕಿ ಜಾಗಕ್ಕೆ ಬಂತೆಂದು ಅದು ಗಾಬರಿಯಾಗುತ್ತದೆ. ಬಾಲ್ಕನಿಯ ಬಳ್ಳಿಯಲ್ಲಿ ಸೂರಕ್ಕಿ ಗೂಡು ತೂಗುತ್ತಿದ್ದರೆ, ಮರಿಗಳು ಹಾರಿಹೋಗುವವರೆಗೆ ಆ ಬಳ್ಳಿಯನ್ನು ಕತ್ತರಿಸಬೇಡಿ, ಕಿಟಕಿಯೊಳಗಿಂದಲೇ ನೋಡಿ.