ದಾಸವಾಳಕ್ಕೆ ಹಿಟ್ಟು ತಿಗಣೆ ಬಂದಾಗ ನಾನು ಮಾಡಿದ್ದು

ಬೇಸಿಗೆ ಬಂತು ಅಂದ್ರೆ ನಮ್ಮನೆ ಕಾಂಪೌಂಡ್ ಪಕ್ಕದ ಕೆಂಪು ದಾಸವಾಳಕ್ಕೆ ಹಿಟ್ಟು ತಿಗಣೆ (ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಿರೋ, ಗಿಡದ ರಸ ಹೀರೋ ಸಣ್ಣ ಹುಳ, ಮೀಲಿಬಗ್) ಕಾಟ ಶುರು, ಕುಡಿ ಎಲ್ಲಾ ಮುರುಟಿ ಗಂಟಾಗುತ್ತೆ, ಮೊಗ್ಗು ಅರಳೋಕೆ ಮುಂಚೆನೇ ಉದುರುತ್ತೆ, ಕೆಳಗಿನ ಎಲೆಗಳೆಲ್ಲಾ ಅಂಟಂಟಾಗಿ ಆಮೇಲೆ ಅದ್ರ ಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು ಬೆಳೆಯುತ್ತೆ. ದಿನಾ ಪೂಜೆಗೆ ಇದೇ ಗಿಡದ ಹೂ ಬೇಕು, ಹಾಗಾಗಿ ವಿಷದ ಔಷಧಿ ಬೇಡ್ವೇ ಬೇಡ ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ.

ನಾನು ಮೊದ್ಲು ಕೈ ಹಾಕಿದ್ದು ಇರುವೆಗೆ. ತಿಗಣೆ ಬಿಡೋ ಸಿಹಿ ಅಂಟು ಇರುವೆಗೆ ಊಟ, ಅದಕ್ಕೇ ತಿಗಣೆ ತಿನ್ನೋಕೆ ಬರೋ ಹುಳಗಳನ್ನ ಅವು ಹತ್ರ ಸೇರಿಸಲ್ಲ. ಬುಡದಿಂದ ಸ್ವಲ್ಪ ಮೇಲೆ ಕಾಂಡಕ್ಕೆ ದಪ್ಪ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿ ಅದ್ರ ಮೇಲೆ ಗ್ರೀಸ್ ಹಚ್ಚಿದೆ (ತೊಗಟೆಗೆ ನೇರವಾಗಿ ಹಚ್ಬಾರ್ದು), ಗೋಡೆಗೆ ತಾಗ್ತಿದ್ದ ಕೊಂಬೆನೂ ಕಟ್ ಮಾಡಿದೆ, ಇಲ್ಲಾಂದ್ರೆ ಇರುವೆ ಆ ಕಡೆಯಿಂದ ಹತ್ತುತ್ತೆ.

ಮುರುಟಿದ ಕುಡಿಗಳನ್ನೆಲ್ಲ ಕತ್ತರಿಸಿ ಕವರ್‌ಗೆ ತುಂಬಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಟ್ಟೆ, ಗೊಬ್ಬರದ ಗುಂಡಿಗೆ ಹಾಕ್ಲಿಲ್ಲ. ಆಮೇಲೆ ಪೈಪಲ್ಲಿ ಜೋರಾಗಿ ನೀರು ಬಿಟ್ಟು ಎಲೆ ಅಡಿಭಾಗ, ಕೊಂಬೆ ಸಂದಿ ಎಲ್ಲಾ ತೊಳೆದೆ. ತಿಗಣೆ ಮೈ ಮೇಲೆ ಮೇಣ ಇರೋದ್ರಿಂದ ಬರೀ ಬೇವಿನೆಣ್ಣೆ ನೀರು ಜಾರಿ ಹೋಗುತ್ತೆ, ಸೋಪು ಬೇಕೇ ಬೇಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದ್ಲು ಸ್ವಲ್ಪ ಲಿಕ್ವಿಡ್ ಸೋಪ್ ಕಲಸಿ, ಆಮೇಲೆ 5 ಎಂಎಲ್ ಬೇವಿನೆಣ್ಣೆ ಹಾಕಿ ಬೆಳ್ಳಗಾಗೋವರೆಗೂ ಕುಲುಕಿ, ಬಿಸಿಲು ಇಳಿದ ಮೇಲೆನೇ ಹೊಡೆದೆ. ಮೊದ್ಲು ನಾಲ್ಕು ಎಲೆಗೆ ಹೊಡೆದು ಸುಡುತ್ತಾ ನೋಡಿ. ಮೊಟ್ಟೆಗೆ ಇದು ಸರಿಯಾಗಿ ತಾಗಲ್ಲ, ಅದಕ್ಕೆ ವಾರಕ್ಕೊಂದ್ಸಲ ಮತ್ತೆ ಹೊಡೀಬೇಕು. ಬೆಂಗಳೂರು ಹತ್ರ ಹೆಸರಘಟ್ಟದಲ್ಲಿರೋ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಬೇವಿನ ಸೋಪ್ ಸಿಕ್ಕಿದ್ರೆ ಈ ಕಲಸೋ ಕೆಲಸನೇ ಇರಲ್ಲ.

ಇನ್ನೊಂದು ವಿಷಯ, ದಯವಿಟ್ಟು ಗಮನಿಸಿ. ತಿಗಣೆ ಗುಂಪಲ್ಲಿ ಅದೇ ಥರ ಬೆಳ್ಳಗಿರೋ, ಆದ್ರೆ ಎರಡು ಮೂರು ಪಟ್ಟು ದೊಡ್ಡದಾದ, ಮೈ ತುಂಬ ಮೇಣದ ಎಳೆ ಜೋತುಬಿದ್ದಿರೋ ಹುಳ ಕಂಡ್ರೆ ಕಡ್ಡೀಲಿ ಮೆಲ್ಲಗೆ ಮುಟ್ಟಿ. ಸರಸರ ಓಡಿದ್ರೆ ಅದು ತಿಗಣೆ ಅಲ್ಲ, ತಿಗಣೆ ತಿನ್ನೋ ಗುಲಗಂಜಿ ಹುಳದ ಮರಿ, ದೊಡ್ಡದಾದ್ಮೇಲೆ ಕಪ್ಪು ಮೈ, ಕಿತ್ತಳೆ ತಲೆ. ಆಸ್ಟ್ರೇಲಿಯಾದಿಂದ 1898ರಲ್ಲಿ ನಮ್ಮ ದೇಶಕ್ಕೆ ತಂದಿದ್ದು ಇದನ್ನ. ಇರುವೆ ನಿಂತ್ಮೇಲೆ ನಮ್ಮ ಗಿಡದಲ್ಲೂ ಕಾಣಿಸ್ಕೊಂಡ್ವು, ಅವಿರೋ ಕೊಂಬೆಗೆ ನಾನು ಏನೂ ಹೊಡೆಯಲ್ಲ, ಗ್ರೀಸ್‌ಗೆ ಧೂಳು ಹಿಡಿದಾಗ ಮಾತ್ರ ಹೊಸದಾಗಿ ಹಚ್ತೀನಿ.